ಮಳೆಲೆಕ್ಕ ಮತ್ತು ಬಾಡಿಗೆ ಸರ್ವರ್

ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರಿಗೆ ಮಳೆಲೆಕ್ಕ ಬರೆಯುವುದು ಕಸುಬೂ ಹೌದು, ಖಯಾಲಿಯೂ ಹೌದು. ಸರ್ಕಾರ ಮಿಲಿಮೀಟರ್ ಅಂದರೂ ಇಲ್ಲಿ ಮಾತು ಇಂಚು, ಸೆಂಟಿನಲ್ಲೇ (ನೂರು ಸೆಂಟಿಗೆ ಒಂದು ಇಂಚು). ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಿತ್ತೋ, ಬರೀ ಇಪ್ಪತ್ತು ಸೆಂಟೋ ಅನ್ನುವುದರ ಮೇಲೆ ಸ್ಪ್ರಿಂಕ್ಲರ್ ಖರ್ಚು ನಿಂತಿರುತ್ತದೆ. ಅಜ್ಜನ ಕಾಲದ ರೆಜಿಸ್ಟರುಗಳನ್ನು ಈಗ ಮೊಮ್ಮಕ್ಕಳು ಡೇಟಾಬೇಸಿಗೆ, ಅಂದರೆ ಪೋಸ್ಟ್‌ಗ್ರೆಸ್‌ಗೋ ಮೈಎಸ್‌ಕ್ಯೂಎಲ್‌ಗೋ ಏರಿಸಿ ಬಾಡಿಗೆ ಕ್ಲೌಡ್ ಸರ್ವರಿನಲ್ಲಿ ಇಡುತ್ತಿದ್ದಾರೆ. ಒಳ್ಳೆಯದೇ. ಆದರೆ ‘ಕ್ಲೌಡಲ್ಲಿದೆ, ಇನ್ನೇನೂ ಆಗಲ್ಲ ಬಿಡಿ’ ಎಂಬ ಮಾತು ಕೇಳಿದರೆ ನನಗೆ ಕಸಿವಿಸಿ.

ಅಲ್ಲಿರುವುದೂ ಡಿಸ್ಕೇ. ಅಮೆಜಾನ್ ಕ್ಲೌಡಿನ ಸಾಮಾನ್ಯ ಇಬಿಎಸ್ ಡಿಸ್ಕುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ ಒಂದೆರಡು ಕೆಡಬಹುದೆಂದು ಕಂಪನಿಯೇ ಹೇಳುತ್ತದೆ. ಶೇಕಡಾ 99.95ರಷ್ಟು ಹೊತ್ತು ಚಾಲೂ ಇರುತ್ತದೆಂಬ ಭರವಸೆ ಎಂದರೂ ತಿಂಗಳಿಗೆ ಇಪ್ಪತ್ತು ನಿಮಿಷ ಸರ್ವರ್ ಮಲಗಲು ಅವಕಾಶವಿದೆ. ಮಾತು ತಪ್ಪಿದರೆ ಸಿಗುವುದು ಬಿಲ್ಲಿನಲ್ಲಿ ರಿಯಾಯಿತಿ, ಹೋದ ಲೆಕ್ಕವಲ್ಲ.

ಡಿಸ್ಕಿಗಿಂತ ದೊಡ್ಡ ಅಪಾಯ ನಮ್ಮ ಕೈಬೆರಳು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ನಕಲು ಸರ್ವರ್ ಎಂದುಕೊಂಡು ಮೂಲ ಡೇಟಾಬೇಸನ್ನೇ ಅಳಿಸತೊಡಗಿದರು. ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ದಿನಾ ಆಗಬೇಕಿದ್ದ ಬ್ಯಾಕಪ್? ಪೋಸ್ಟ್‌ಗ್ರೆಸ್ ಆವೃತ್ತಿ ಹೊಂದದೆ ಅದು ಸದ್ದಿಲ್ಲದೆ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಮೇಲ್‌ಗಳನ್ನೂ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಆರು ತಾಸು ಮೊದಲು ಬೇರಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಎರಡನೇ ಸರ್ವರಿಗೆ ನಕಲಾಗುತ್ತಿದೆ ಎಂದು ನೆಮ್ಮದಿಯಾಗಿರುವವರೂ ಕೇಳಿ: ಇಲ್ಲಿ ಅಳಿಸಿದ ಸಾಲು ಮರುಕ್ಷಣ ಅಲ್ಲೂ ಅಳಿಯುತ್ತದೆ.

ಇನ್ನು ನಮ್ಮ ಆಷಾಢ. ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಮುಂಬೈಯಲ್ಲಿರುವ ಬಾಡಿಗೆ ಸರ್ವರ್ ಎಷ್ಟು ಗಟ್ಟಿಯಿದ್ದರೇನು, ಸಕಲೇಶಪುರ ಕಡೆಯ ಹೆತ್ತೂರಿನ ಮನೆಗೆ ಅದು ಇಲ್ಲದ ಲೆಕ್ಕವೇ. ಹಾಗಾಗಿ ಬೆಳಗಿನ ಅಳತೆ ಮೊದಲು ಫೋನಿನೊಳಗಿನ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ ಕೂರಲಿ, ಸಿಗ್ನಲ್ ಬಂದಾಗ ಮೇಲೆ ಹೋಗಲಿ. ದಿನಕ್ಕೊಂದು ಪ್ರತಿ ಬೇರೆಯೇ ಕಂಪನಿಯ ಸಂಗ್ರಹದಲ್ಲಿರಲಿ.

ಲೆಕ್ಕ ಕಳೆದುಹೋದ ವರ್ಷಗಳನ್ನು ಕೆಎಸ್‌ಎನ್‌ಡಿಎಂಸಿಯ (ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ) ಪಂಚಾಯಿತಿ ಮಳೆಮಾಪಕದ ಅಂಕಿಯಿಂದ ತುಂಬಿಸಿಕೊಳ್ಳೋಣವೆಂದರೆ, ಒಂದು ಗುಡ್ಡ ದಾಟಿದರೆ ಇಲ್ಲಿ ಮಳೆಯೇ ಬೇರೆ. ನಿಮ್ಮ ತೋಟದ ಅಂಕಿ ನಿಮ್ಮಲ್ಲಿ ಮಾತ್ರ. ಈ ಸಲ ಹೂಮಳೆಗೆ ಮುಂಚೆಯೇ ಬ್ಯಾಕಪ್ಪಿನಿಂದ ಖಾಲಿ ಯಂತ್ರವೊಂದರ ಮೇಲೆ ಡೇಟಾಬೇಸನ್ನು ಎಬ್ಬಿಸಿ, ಅಜ್ಜ ಬರೆದ ಯಾವುದಾದರೊಂದು ಜುಲೈ ಪೂರ್ತಿ ಸಿಗುತ್ತದೆಯೇ ನೋಡಿ. ಸಿಗುವವರೆಗೆ ರೆಜಿಸ್ಟರನ್ನು ಗುಜರಿಗೆ ಹಾಕಬೇಡಿ.