ಹರ್ಬಿ ಗೆದ್ದನೊ, ಗೆದ್ದಿತೊ? ‘ದಿ ಲವ್ ಬಗ್’ ಚಿತ್ರ ಮತ್ತು ಕನ್ನಡದ ಲಿಂಗವಿಚಾರ

ಮನಸ್ಸುಳ್ಳ ಕಾರೊಂದರ ಹಾಸ್ಯಚಿತ್ರ ವ್ಯಾಕರಣದ ಪ್ರಶ್ನೆಯೊಂದನ್ನು ಎತ್ತಬಲ್ಲದೆ? ವಾಲ್ಟ್ ಡಿಸ್ನಿ ಸಂಸ್ಥೆಯ ‘ದಿ ಲವ್ ಬಗ್’ ಅಂಥ ಚಿತ್ರವೆಂಬುದು ಪ್ರಸ್ತುತ ಲೇಖನದ ನಿಲುವು. ರಾಬರ್ಟ್ ಸ್ಟೀವನ್ಸನ್ ನಿರ್ದೇಶಿಸಿದ ಈ ಚಿತ್ರ 1968ರ ಕೊನೆಯಲ್ಲಿ ಮೊದಲು ತೆರೆಕಂಡು, 1969ರಲ್ಲಿ ವ್ಯಾಪಕವಾಗಿ ಬಿಡುಗಡೆಯಾಯಿತು. ‘ಹರ್ಬಿ ಫುಲ್ಲಿ ಲೋಡೆಡ್’ (2005) ವರೆಗೆ ಅದರ ಸಂತತಿ ಬೆಳೆಯಿತು. ಇದನ್ನು ಮಕ್ಕಳ ರಂಜನೆಯೆಂದು ಬದಿಗಿರಿಸುವುದು ಸುಲಭ. ಆದರೆ ಈ ಕಥೆಯನ್ನು ಕನ್ನಡದಲ್ಲಿ ಹೇಳಲು ಹೊರಟವರು ಮೊದಲ ವಾಕ್ಯದ ಕ್ರಿಯಾಪದದಲ್ಲಿಯೇ ತಡವರಿಸಬೇಕಾಗುತ್ತದೆ.

ಕಥೆ ಸರಳವಾದುದು. ಸೋಲುಗಳಿಂದ ಕಂಗೆಟ್ಟ ಓಟದ ಚಾಲಕ ಜಿಮ್ ಡಗ್ಲಸ್‌ನನ್ನು ಬಿಳಿಯ ಬಣ್ಣದ, 53ನೆಯ ಸಂಖ್ಯೆಯ ಪುಟ್ಟ ಫೋಕ್ಸ್‌ವಾಗನ್ ಬೀಟಲ್ ಕಾರೊಂದು ತಾನಾಗಿ ಹಿಂಬಾಲಿಸಿ ಬರುತ್ತದೆ. ಜಿಮ್ ಪಂದ್ಯಗಳನ್ನು ಗೆಲ್ಲತೊಡಗುತ್ತಾನೆ. ಗೆಲವು ತನ್ನ ಕೈಚಳಕದ್ದೆಂದು ನಂಬುತ್ತಾನೆ. ಗೆಲವು ಕಾರಿನದೆಂದು ಬಲ್ಲವನು ಅವನ ಗೆಳೆಯ, ಮೆಕ್ಯಾನಿಕ್ ಟೆನೆಸಿ. ಕಾರಿಗೆ ಹರ್ಬಿ ಎಂದು ಹೆಸರಿಡುವವನೂ ಅವನೇ. ಬೀಟಲ್ ಎಂಬುದು ರೂಢನಾಮ, ಹರ್ಬಿ ಎಂಬುದು ಅಂಕಿತನಾಮ. ಹೆಸರಿಡುವ ಗಳಿಗೆಯಲ್ಲಿ ವಸ್ತು ವರ್ಗದಿಂದ ಬೇರ್ಪಟ್ಟು ವ್ಯಕ್ತಿಯಾಗುತ್ತದೆ. ಚಿತ್ರದ ಹಾಸ್ಯವೆಲ್ಲ ಈ ವ್ಯಕ್ತಿತ್ವವನ್ನು ಕಂಡವನಿಗೂ ಕಾಣದವನಿಗೂ ನಡುವೆ ಇರುವ ಅಂತರದಲ್ಲಿದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ ಹರ್ಬಿ ಮಾತನಾಡುವುದಿಲ್ಲ. ಹಾರನ್ನು, ದೀಪ, ಬಾಗಿಲು, ಚಕ್ರ ಇವಿಷ್ಟೇ ಅದರ ಅಭಿನಯದ ಅಂಗಗಳು. ಮಾತಿಲ್ಲದ ಪಾತ್ರಕ್ಕೆ ‘ನಾನು’ ಎಂಬುದಿಲ್ಲ. ಅದರ ಭಾಷಿಕ ಅಸ್ತಿತ್ವ ಇರುವುದು ಇತರರ ಮಾತಿನಲ್ಲಿ, ಬಹುಮಟ್ಟಿಗೆ ಪ್ರಥಮಪುರುಷದಲ್ಲಿ. ಇಂಗ್ಲಿಷಿನಲ್ಲಿ ಸರ್ವನಾಮವನ್ನು ಬದಲಿಸಿದರೆ ಸಾಕು, ಕ್ರಿಯಾಪದ ಹಾಗೆಯೇ ನಿಲ್ಲುತ್ತದೆ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದ ಗುಟ್ಟನ್ನು ಬಿಟ್ಟುಕೊಡುತ್ತದೆ: ಹರ್ಬಿ ಓಡಿದನು, ಹರ್ಬಿ ಓಡಿತು. ಉತ್ತಮ ಮಧ್ಯಮ ಪುರುಷಗಳಲ್ಲಿ ಈ ಇಕ್ಕಟ್ಟಿಲ್ಲ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗಭೇದವಿಲ್ಲ.

ಈ ಇಕ್ಕಟ್ಟನ್ನು ಕನ್ನಡ ಚಿತ್ರರಂಗ ಬಹುಕಾಲ ಎದುರಿಸಲೇ ಇಲ್ಲ. 1960ರ ದಶಕದಿಂದ ಬಲಗೊಂಡ ಡಬ್ಬಿಂಗ್ ವಿರೋಧವೇ ಅದಕ್ಕೆ ಕಾರಣ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಕಂಡ ಮೇಲಷ್ಟೆ ಡಬ್ ಆದ ಚಿತ್ರಗಳು ಮತ್ತೆ ಚಿತ್ರಮಂದಿರಕ್ಕೆ ಬರತೊಡಗಿದವು. ಆ ವಿರೋಧ ಕನ್ನಡದ ಕಲಾವಿದರಿಗೆ ಆಸರೆಯಾಯಿತೆಂಬುದು ನಿಜ. ಯಂತ್ರಕ್ಕೂ ಮೃಗಕ್ಕೂ ಕನ್ನಡದಲ್ಲಿ ಪಾತ್ರತ್ವ ಕೊಡುವ ಅಭ್ಯಾಸ ಅದರಿಂದ ಹಿಂದುಳಿಯಿತೆಂಬುದೂ ಅಷ್ಟೇ ನಿಜ. 2024ರ ‘ಕಲ್ಕಿ 2898 ಎಡಿ’ ಚಿತ್ರದ ಬುಜ್ಜಿ ಎಂಬ ವಾಹನ ಕನ್ನಡದ ಡಬ್ಬಿಂಗಿನಲ್ಲಿಯೂ ಬಂದಿತು. ಆದರೆ ಬುಜ್ಜಿಗೆ ಮಾತು ಬರುತ್ತದೆ; ‘ನಾನು’ ಎಂಬುದರ ಮರೆಯಲ್ಲಿ ಅದು ಲಿಂಗದ ಪ್ರಶ್ನೆಯಿಂದ ಬಹುಪಾಲು ತಪ್ಪಿಸಿಕೊಳ್ಳಬಲ್ಲದು. ಮೂಕನಾದ ಹರ್ಬಿಗೆ ಆ ಮರೆಯಿಲ್ಲ.

ಹೊರನಾಡ ಕನ್ನಡಿಗರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಚೆನ್ನೈನ ಬೆಸೆಂಟ್ ನಗರದಂಥ ಬಡಾವಣೆಯಲ್ಲಿ ಬೆಳೆಯುವ ಕನ್ನಡದ ಮಗು ಚಿತ್ರವನ್ನು ಇಂಗ್ಲಿಷಿನಲ್ಲಿ ನೋಡಿ, ಬೀದಿಯ ಗೆಳೆಯರಿಗೆ ತಮಿಳಿನಲ್ಲಿ, ಮನೆಯ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ತಮಿಳಿನಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ಅದೇ ಬಡಾವಣೆಯಲ್ಲಿರುವ ಡಾ. ಉ. ವೇ. ಸ್ವಾಮಿನಾಥ ಅಯ್ಯರ್ ಗ್ರಂಥಾಲಯವನ್ನು 1943ರಲ್ಲಿ ಸ್ಥಾಪಿಸಿದವರು ರುಕ್ಮಿಣೀದೇವಿ ಅರುಂಡೇಲ್. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ವಿದ್ವಾಂಸರು ಸಂಪಾದಿಸಿದ ಗ್ರಂಥಗಳಲ್ಲಿ ‘ನನ್ನೂಲ್’ ವ್ಯಾಕರಣವೂ ಒಂದು. ತಮಿಳು ನಾಮಪದಗಳನ್ನು ಉಯರ್‌ತಿಣೈ, ಅಃಱಿಣೈ ಎಂದು ಎರಡಾಗಿ ವಿಂಗಡಿಸುತ್ತದೆ: ಮನುಷ್ಯರೂ ದೇವತೆಗಳೂ ಒಂದು ಕಡೆ, ಉಳಿದುದೆಲ್ಲ ಇನ್ನೊಂದು ಕಡೆ. ಸಂತೋಷ, ಗೌರವ, ಕೋಪ, ತಿರಸ್ಕಾರ ಮೊದಲಾದ ಭಾವಗಳಿಂದ ಈ ಎಲ್ಲೆಯನ್ನು ದಾಟಿದರೆ ದೋಷವಿಲ್ಲವೆಂದು ನನ್ನೂಲಿನ ಕರ್ತೃ ಪವಣಂದಿ ವಿಧಿಸುತ್ತಾನೆ. ಹಸುವನ್ನು ‘ಅಮ್ಮ ಬಂದಳು’ ಎಂದರೆ ವ್ಯಾಕರಣ ಕ್ಷಮಿಸುತ್ತದೆ. ಅಂದರೆ ತಮಿಳಿನ ಮಾರ್ಗ ಅಪವಾದದ ಮಾರ್ಗ. ನಿಯಮ ಹಾಗೆಯೇ ಉಳಿದು, ಭಾವಕ್ಕೆ ರಿಯಾಯಿತಿ ಸಿಗುತ್ತದೆ.

ಪವಣಂದಿಯಂತೆಯೇ ಜೈನನಾದ, 13ನೆಯ ಶತಮಾನದ ಕೇಶಿರಾಜ ಹಿಡಿದ ದಾರಿ ಬೇರೆ. ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳು ಮೂರಕ್ಕೆ ನಿಲ್ಲದೆ ಒಂಬತ್ತಾಗುತ್ತವೆ. ಅವುಗಳಲ್ಲಿ ಪುನ್ನಪುಂಸಕಲಿಂಗವೂ ಒಂದು. ಅದರ ಉದಾಹರಣೆಯನ್ನು ಇಂದಿನ ಶಾಲಾಬಾಲಕರೂ ಬಲ್ಲರು: ಸೂರ್ಯ ಮೂಡಿದನು, ಸೂರ್ಯ ಮೂಡಿತು. ಎರಡೂ ಸಾಧುರೂಪಗಳೇ, ಯಾವುದೂ ರಿಯಾಯಿತಿಯಲ್ಲ. ತಾನಾಗಿ ಚಲಿಸುವ, ಮನುಷ್ಯನ ಬಾಳಿನ ಮೇಲೆ ಪ್ರಭಾವ ಬೀರುವ, ಆದರೆ ಮನುಷ್ಯನಲ್ಲದ ಗ್ರಹಗಳಿಗೆ ಕನ್ನಡ ಕೊಟ್ಟ ಸ್ಥಾನವಿದು. ಹರ್ಬಿಯೂ ಈ ಲಕ್ಷಣಗಳಿಗೆ ಹೊರತಲ್ಲ.

ಹಾಗೆಂದು ‘ಅವನು’ ಎಂಬುದೇ ಪ್ರೀತಿಯ ರೂಪ, ‘ಅದು’ ಎಂಬುದು ಜಡತೆಯ ರೂಪ ಎಂದು ತಿಳಿಯಲಾಗದು. ಕನ್ನಡದಲ್ಲಿ ಮಗು ಅಳುತ್ತದೆ, ನಗುತ್ತದೆ, ಓಡುತ್ತದೆ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಹರಡಿರುವ ಹವ್ಯಕರ ಆಡುಮಾತಿನಲ್ಲಿ ಹೆಂಗಸರಿಗೂ ನಪುಂಸಕರೂಪ ಸಲ್ಲುತ್ತದೆ. ಕೂಸು, ಕರು, ಮನೆಯ ನಾಯಿ ಇವೆಲ್ಲ ಬಾಳುವುದು ‘ಅದು’ ಎಂಬುದರ ಆಶ್ರಯದಲ್ಲಿಯೇ. ಅನುವಾದಕನು ಇಂಗ್ಲಿಷಿನ ಪುಲ್ಲಿಂಗವನ್ನು ಕಂಡೊಡನೆ ಎಲ್ಲ ಕಡೆಯೂ ‘ಅವನು’ ಎಂದು ಬರೆದರೆ ಈ ಆಪ್ತತೆಯನ್ನೆಲ್ಲ ತೊರೆದಂತಾಗುತ್ತದೆ.

ಚಿತ್ರಕ್ಕೆ ಮರಳಿ ಈ ಮಾತನ್ನು ಪರೀಕ್ಷಿಸಬಹುದು. ಮೊದಲಿನಿಂದಲೇ ‘ಹರ್ಬಿ ಬಂದನು’ ಎಂದರೆ ಜಿಮ್‌ನ ಕುರುಡುತನಕ್ಕೆ ಎಡೆಯೇ ಇರದು, ಹಾಸ್ಯ ಸತ್ತುಹೋಗುತ್ತದೆ. ಕೊನೆಯವರೆಗೂ ‘ಬಂದಿತು’ ಎಂದೇ ಹೇಳಿದರೆ ಟೆನೆಸಿಯ ನೋಟಕ್ಕೆ ಭಾಷೆ ದೊರೆಯದು. ಜಿಮ್ ಹೊಸ ಲ್ಯಾಂಬೋರ್ಗಿನಿಯನ್ನು ತಂದಾಗ ಹರ್ಬಿ ಅಸೂಯೆಯಿಂದ ಅದನ್ನು ಜಜ್ಜುತ್ತದೆ; ಬಳಿಕ ಗೋಲ್ಡನ್ ಗೇಟ್ ಸೇತುವೆಯಿಂದ ಬೀಳಲು ಹೊರಡುತ್ತದೆ. ಜಿಮ್‌ನ ಮಾತಿನಲ್ಲಿ ಕ್ರಿಯಾಪದ ಬದಲಾಗಬೇಕಾದ ಸ್ಥಳ ಈ ಸೇತುವೆಯೇ. ನನ್ನ ದೃಷ್ಟಿಯಲ್ಲಿ ಚಿತ್ರದ ದೌರ್ಬಲ್ಯವೂ ಇಲ್ಲಿಯೇ ಇದೆ. ಕಾರನ್ನು ಇಲ್ಲಿ ಪೂರ್ತಿಯಾಗಿ ಮನುಷ್ಯನನ್ನಾಗಿಸುವ ಆತುರದಲ್ಲಿ ಹಾಸ್ಯ ಕರುಣಾಜನಕ ನಾಟಕವಾಗಿಬಿಡುತ್ತದೆ. ಋತ್ವಿಕ್ ಘಟಕರ ಬಂಗಾಳಿ ಚಿತ್ರ ‘ಅಜಾಂತ್ರಿಕ್’ (1958) ಈ ತಪ್ಪನ್ನು ಮಾಡುವುದಿಲ್ಲ. ಚಾಲಕ ಬಿಮಲನ ಹಳೆಯ ಕಾರು ಜಗದ್ದಲ್ ಕೊನೆಗೆ ಗುಜರಿಗೆ ಹೋಗುತ್ತದೆ. ಯಂತ್ರವಾಗಿಯೇ ಅಳಿದರೂ ಅದರ ವ್ಯಕ್ತಿತ್ವ ಕುಂದುವುದಿಲ್ಲ. ‘ದಿ ಲವ್ ಬಗ್’ ತನ್ನ ಹದವನ್ನು ಮರಳಿ ಪಡೆಯುವುದು ಕೊನೆಯ ಓಟದಲ್ಲಿ. ಕಾರು ಎರಡು ತುಂಡಾಗಿ, ಒಂದು ತುಂಡು ಮೊದಲನೆಯದಾಗಿ, ಇನ್ನೊಂದು ಮೂರನೆಯದಾಗಿ ಗುರಿ ಮುಟ್ಟುತ್ತವೆ. ಲಿಂಗದ ಜೊತೆಗೆ ವಚನವೂ ಅಲುಗಾಡುವ ಈ ನಗೆ ಅಪ್ಪಟ ಯಂತ್ರದ ನಗೆ. ಮನುಷ್ಯನಿಗೆ ಹೀಗೆ ಗೆಲ್ಲಲು ಸಾಧ್ಯವಿಲ್ಲ.

ಆದುದರಿಂದ ಕನ್ನಡದ ಅನುವಾದಕನಿಗೆ ಯಾವುದೋ ಒಂದು ರೂಪವನ್ನು ಆರಿಸಿ ಅದಕ್ಕೇ ಅಂಟಿಕೊಳ್ಳುವ ನಿರ್ಬಂಧವಿಲ್ಲ. ಯಾರು, ಯಾವಾಗ, ಯಾವ ಮನಃಸ್ಥಿತಿಯಲ್ಲಿ ಹೇಳುತ್ತಾರೆಂಬುದನ್ನು ನೋಡಿ ಎರಡೂ ರೂಪಗಳನ್ನು ಬಳಸುವ ಅಧಿಕಾರ ಅವನಿಗೆ ಪರಂಪರೆಯಿಂದಲೇ ಬಂದಿದೆ. ಈಗ ಡಬ್ಬಿಂಗಿಗೆ ಬಾಗಿಲು ತೆರೆದಿದೆ. ಮಾತನಾಡುವ ಮತ್ತು ಮಾತನಾಡದ ಯಂತ್ರಗಳು ಇನ್ನೂ ಬರಲಿವೆ. ಅವುಗಳ ಕ್ರಿಯಾಪದಗಳನ್ನು ಇಂಗ್ಲಿಷನ್ನೊ ಹಿಂದಿಯನ್ನೊ ನೋಡಿ ನಿರ್ಧರಿಸುವ ಮುನ್ನ ಕೇಶಿರಾಜನ ಒಂಬತ್ತು ಲಿಂಗಗಳನ್ನೊಮ್ಮೆ ಎಣಿಸುವುದು ಒಳಿತು. ಬೆಸೆಂಟ್ ನಗರದ ಮಗು ಅಜ್ಜಿಯ ಮುಂದೆ ಒಮ್ಮೆ ‘ಗೆದ್ದ’ ಎಂದೂ ಮತ್ತೊಮ್ಮೆ ‘ಗೆದ್ದಿತು’ ಎಂದೂ ಹೇಳಿದರೆ ತಿದ್ದುವ ಅಗತ್ಯವಿಲ್ಲ. ಅದು ಆಡಿದ್ದು ಸರಿಯಾದ ಕನ್ನಡವೇ.