ಶ್ರಮದಾನದ ಏಳು ದಿನ, ಓದದೇ ಉಳಿದ ಊರು

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ಬರೆಯುತ್ತೇವೆ. ರಾಯಚೂರು ಸೀಮೆಯ ಕಾಲೇಜು ಹುಡುಗ ಹುಡುಗಿಯರ ಬದುಕಿನಿಂದ ಪ್ರತಿವರ್ಷ ಏಳು ದಿನ ತೆಗೆದುಕೊಳ್ಳುವ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರಕ್ಕೆ ಮಾತ್ರ ಯಾರೂ ಬರೆಯುವುದಿಲ್ಲ. ಉದ್ಘಾಟನೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಸಮಾರೋಪದ ಫೋಟೊ ಬರುತ್ತದೆ. ನಡುವಿನ ದಿನಗಳಲ್ಲಿ ಆ ಮಕ್ಕಳು ಏನು ಮಾಡಿದರು, ಏನನ್ನು ಕಲಿತು ಬಂದರು ಎಂದು ಕೇಳುವವರಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಓದು ಯಾಕೆ ಬೇಕು ಎಂಬ ಪ್ರಶ್ನೆ ದೇವದುರ್ಗದ, ಮಾನ್ವಿಯ ಹಳ್ಳಿಗಳಿಂದ ಬರುವ ಹುಡುಗರನ್ನು ಕಾಡುವಷ್ಟು ನಾಡಿನ ಬೇರೆ ಕಡೆಯವರನ್ನು ಕಾಡಲಿಕ್ಕಿಲ್ಲ. ಅದಕ್ಕೆ ಉತ್ತರ ಕೊಡುವ ಶಕ್ತಿ ಈ ಏಳು ದಿನಗಳಿಗಿದೆ ಎಂದು ನಾನು ನಂಬಿದ್ದೇನೆ. ಆ ಶಕ್ತಿ ಈಗ ಬಳಕೆಯಾಗುತ್ತಿಲ್ಲ ಎಂಬುದೂ ಅಷ್ಟೇ ನಿಜ.

ಮೊದಲು ಯೋಜನೆಯ ಹುರುಳನ್ನು ಒಪ್ಪಿಕೊಳ್ಳೋಣ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಶುರುವಾದಾಗ ದೇಶದ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಅದರಲ್ಲಿದ್ದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಅದರ ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನಗಳ ವಾಸ. ತರಗತಿಯ ಬೆಂಚಿನಲ್ಲಿ ಬೇರೆ ಬೇರೆ ಕೂರುವವರು ಶಿಬಿರದಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಯಾರ ಜಾತಿ ಯಾವುದು ಎಂದು ಊರಿನವರು ಕೇಳುವ ಮೊದಲೇ ಒಂದೇ ಬುಟ್ಟಿಯ ಮಣ್ಣನ್ನು ಇಬ್ಬರು ಹೊತ್ತಿರುತ್ತಾರೆ. ನಮ್ಮ ಶಿಕ್ಷಣದಲ್ಲಿ ಇಷ್ಟು ನೇರವಾಗಿ ಸಮಾನತೆಯನ್ನು ಕೈಯಿಂದ ಕಲಿಸುವ ಬೇರೆ ವ್ಯವಸ್ಥೆ ನನಗೆ ಕಾಣುವುದಿಲ್ಲ.

ಶಿಬಿರದ ದಿನಚರಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಪ್ರಭಾತ ಫೇರಿ, ಆಮೇಲೆ ಶ್ರಮದಾನ. ಶಾಲೆಯ ಅಂಗಳದ ಜಾಲಿಕಂಟಿ ಕಡಿಯುವುದು, ಚರಂಡಿಯ ಹೂಳು ತೆಗೆಯುವುದು, ಗುಡಿಯ ಸುತ್ತ ಕಸ ಗುಡಿಸುವುದು. ಮಧ್ಯಾಹ್ನ ಉಪನ್ಯಾಸ, ಸಂಜೆ ಮನರಂಜನೆ. ಇದರಲ್ಲಿ ಕುಂದು ಎಲ್ಲಿದೆ? ಕೆಲಸಕ್ಕೂ ತಿಳಿವಳಿಕೆಗೂ ನಂಟೇ ಇಲ್ಲದಿರುವುದರಲ್ಲಿ ಇದೆ. ಬೆಳಿಗ್ಗೆ ಗುಡಿಸಿದ ಗುಡಿಯ ಬಗ್ಗೆ ಮಧ್ಯಾಹ್ನದ ಉಪನ್ಯಾಸ ಒಂದು ಮಾತೂ ಆಡುವುದಿಲ್ಲ. ಅದು ವ್ಯಕ್ತಿತ್ವ ವಿಕಸನದ ಬಗ್ಗೆ ಇರುತ್ತದೆ, ಯಾವ ಊರಿನಲ್ಲಾದರೂ ಹೇಳಬಹುದಾದ ಮಾತುಗಳಲ್ಲಿ ಇರುತ್ತದೆ. ಕೋನಾರ್ಕದ ಸೂರ್ಯ ದೇವಾಲಯದ ರಥಚಕ್ರವೇ ಎನ್ನೆಸ್ಸೆಸ್ಸಿನ ಲಾಂಛನ. ಒಡಿಶಾದ ಆ ಚಕ್ರವನ್ನು ಎದೆಯ ಮೇಲೆ ಧರಿಸಿದ ಹುಡುಗನಿಗೆ ತಾನು ಮಲಗಿದ ಹಳ್ಳಿಯ ಅಗಸಿ ಯಾವ ಕಾಲದ್ದು, ಕಟ್ಟೆಯ ಪಕ್ಕ ಮಣ್ಣಿನಲ್ಲಿ ಅರ್ಧ ಹುಗಿದ ಕಲ್ಲಿನಲ್ಲಿ ಏನು ಬರೆದಿದೆ ಎಂದು ಯಾರೂ ಹೇಳಿರುವುದಿಲ್ಲ.

ದೇವದುರ್ಗ ತಾಲ್ಲೂಕಿನ ಗಬ್ಬೂರನ್ನೇ ತೆಗೆದುಕೊಳ್ಳಿ. ಗುಡಿಗಳೂ ಶಾಸನಗಳೂ ದಟ್ಟವಾಗಿರುವ ಊರು. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಗಳು ಅಲ್ಲಿವೆ; ಅದು ಒಂದು ಕಾಲಕ್ಕೆ ಅಗ್ರಹಾರವಾಗಿತ್ತು, ಓದು ಬರಹದ ನೆಲೆಯಾಗಿತ್ತು. ಇದೇ ದೇವದುರ್ಗ ಪ್ರಾದೇಶಿಕ ಅಸಮತೋಲನದ ಕುರಿತು ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ನಾಡಿನ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬರುತ್ತದೆ. ಅಲ್ಲಿಂದೀಚೆಗೆ ಈ ತಾಲ್ಲೂಕಿನ ಮಕ್ಕಳು ತಮ್ಮ ಊರಿನ ಬಗ್ಗೆ ಅಧಿಕಾರಿಗಳ ಬಾಯಲ್ಲಿ, ಪತ್ರಿಕೆಗಳಲ್ಲಿ, ಕೊನೆಗೆ ಮೇಷ್ಟರ ಬಾಯಲ್ಲೂ ಕೇಳುತ್ತ ಬಂದಿರುವ ವಿಶೇಷಣ ಅದೊಂದೇ. ಆ ವರದಿ ಹಣ ತರಲಿಕ್ಕೆ ಬೇಕಿತ್ತು, ನಿಜ. ಆದರೆ ಹದಿನೆಂಟರ ಹರೆಯದವನಿಗೆ ತನ್ನ ನೆಲದ ಬಗ್ಗೆ ಗೊತ್ತಿರುವುದು ಕೊರತೆಯ ಪಟ್ಟಿ ಮಾತ್ರ ಎಂದಾದರೆ ಅವನು ಏನೆಂದುಕೊಳ್ಳಬೇಕು? "ನಮ್ಮ ಕಡೀಗಿ ಏನದ ರೀ ಸರ, ಬಿಸಿಲು ಬಿಟ್ರ?" ಎಂಬ ಮಾತು ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರುಗಳ ಕಾಲೇಜು ಕಾರಿಡಾರಿನಲ್ಲಿ ಕೇಳಿಬರುತ್ತದೆ. ಹಾಗೆ ಕೇಳುವ ಹುಡುಗನ ಅಪ್ಪ ಅವ್ವ ಬ್ಯಾಸಿಗಿಯಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ, ಕಟ್ಟಡದ ಕೆಲಸಕ್ಕೆ. ಪರೀಕ್ಷೆ ಮುಗಿದರೆ ಅವನೂ ಹೋಗುತ್ತಾನೆ. ಹೋದವನು ಮರಳಿ ಕಾಲೇಜಿಗೆ ಬರುತ್ತಾನೋ ಇಲ್ಲವೋ ಎಂಬುದು ಬರಿಯ ಹಣದ ಪ್ರಶ್ನೆಯಲ್ಲ. ಬರಲಿಕ್ಕೆ ಅವನಿಗೆ ಇಲ್ಲಿ ತನ್ನದು ಅನ್ನುವಂಥದ್ದು ಏನಾದರೂ ಇರಬೇಕು.

ಇದು ನಮ್ಮೊಬ್ಬರ ಕಷ್ಟವಲ್ಲ. ಅಮೆರಿಕದ ಲ್ಯಾಟಿನೊ ಮಕ್ಕಳು, ಅಂದರೆ ಮೆಕ್ಸಿಕೊ ಮೊದಲಾದ ಕಡೆಯಿಂದ ಬಂದ ದುಡಿಯುವ ಮನೆಗಳ ಮಕ್ಕಳು, ಇದೇ ಭಾರವನ್ನು ಹೊತ್ತು ಬೆಳೆದವರು. ಮನೆಯ ಮಾತು, ಮನೆಯ ಚರಿತ್ರೆ ಓದಿಗೆ ತೊಡಕು ಎಂದು ಅವರಿಗೂ ಹೇಳಲಾಗಿತ್ತು. ಅರಿಜೋನಾದ ಟೂಸಾನ್ ನಗರದ ಶಾಲೆಗಳಲ್ಲಿ 1998ರಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ತರಗತಿಗಳು ಶುರುವಾದವು. ಅವುಗಳಲ್ಲಿ ಕೂತವರು ಶಾಲೆ ಮುಗಿಸುವ ಪ್ರಮಾಣ ಹೆಚ್ಚಿತೆಂದು ಆಮೇಲಿನ ಸಂಶೋಧನೆ ತೋರಿಸಿತು. ಆದರೂ 2010ರ ರಾಜ್ಯ ಕಾನೂನೊಂದು ಆ ತರಗತಿಗಳನ್ನು ಮುಚ್ಚಿಸಿತು. ಅದರ ಹಿಂದೆ ಜನಾಂಗ ದ್ವೇಷವಿತ್ತೆಂದು 2017ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದೇ ವರ್ಷ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊದ ಅಧ್ಯಯನ ಇನ್ನೂ ಸ್ಪಷ್ಟ. ಓದಿನಲ್ಲಿ ಹಿಂದೆ ಬಿದ್ದ ಒಂಬತ್ತನೆಯ ತರಗತಿಯವರನ್ನು ತಮ್ಮ ಸಮುದಾಯಗಳ ಚರಿತ್ರೆ ಕಲಿಸುವ ತರಗತಿಗೆ ಸೇರಿಸಿದಾಗ ಅವರ ಹಾಜರಿ ಶೇಕಡಾ 21 ಅಂಶಗಳಷ್ಟು ಏರಿತ್ತು. ಚರಿತ್ರೆ ಕಲಿತರೆ ಗಣಿತದ ತರಗತಿಗೂ ಯಾಕೆ ಬರಬೇಕು? ಶಾಲೆ ತನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದು ಮಗುವಿಗೆ ಅನ್ನಿಸಿದರೆ ಅದು ಎಲ್ಲ ತರಗತಿಗೂ ಬರುತ್ತದೆ. ಸೇವೆಯ ವಿಷಯದಲ್ಲೂ ಹೀಗೇ. ವಿದ್ಯಾರ್ಥಿಗಳ ಸಮಾಜಸೇವೆಯ ಕುರಿತ 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಕೆಲಸವನ್ನು ಪಾಠಕ್ಕೆ ಜೋಡಿಸಿ, ಮಾಡಿದ್ದರ ಬಗ್ಗೆ ಕೂತು ಯೋಚಿಸಲು ಬಿಟ್ಟ ಕಡೆ ಫಲ ಹೆಚ್ಚು. ನಮ್ಮ ಶಿಬಿರಗಳು ತಪ್ಪಿಸಿಕೊಂಡಿರುವುದು ಈ ಎರಡನ್ನೇ.

ಹಾಗಾದರೆ ಯಾವ ಚರಿತ್ರೆ? ಸ್ಥಳೀಯ ಇತಿಹಾಸ ಎಂದ ಕೂಡಲೇ ನಮ್ಮ ಉಪನ್ಯಾಸಕರು 1520ಕ್ಕೆ ಹೋಗುತ್ತಾರೆ: ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾಹ, ರಾಯಚೂರು ಕದನ. ಅದು ದೊಡ್ಡ ಘಟನೆ, ಪೋರ್ಚುಗೀಸ್ ನೂನಿಜ್ ಬರೆದಿಟ್ಟದ್ದು, ಗೊತ್ತಿರಬೇಕಾದದ್ದು. ಆದರೆ ದುಡಿಯುವವರ ಮಗನಿಗೆ ಅದರಲ್ಲಿ ನಿಲ್ಲಲು ಜಾಗವಿಲ್ಲ. ರಾಯಚೂರಿನ ಕೋಟೆಯಲ್ಲೇ ಅವನಿಗೆ ಬೇಕಾದ ಕಲ್ಲು ಇದೆ. ಕಾಕತೀಯರ ದಂಡನಾಯಕ ಗೋನ ವಿಠ್ಠಲ 1294ರಲ್ಲಿ ಕಟ್ಟಿಸಿದ ಗೋಡೆಯಲ್ಲಿ ಕೂರಿಸಿರುವ ಸುಮಾರು 41 ಅಡಿ ಉದ್ದದ ಒಂದೇ ಬಂಡೆ ಅದು. ಮೇಲೆ ತೆಲುಗು ಶಾಸನ. ಅವನು ಗೆದ್ದ ಕೋಟೆಗಳ ಸಾಲಿನಲ್ಲಿ ಆದವಾನಿಯ ಜೊತೆ ಮಾನುವದ ಹೆಸರೂ ಬರುತ್ತದೆ. ಅದು ನಮ್ಮ ಮಾನ್ವಿ. ಶಾಸನಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹತ್ತಿರ ಗೀರಿರುವ ಚಿತ್ರ. ಆ ಬಂಡೆಯನ್ನು ಗಾಲಿಗಳ ಬಂಡಿಯ ಮೇಲೇರಿಸಿ ಕೋಣಗಳ ಉದ್ದ ಸಾಲು ಎಳೆಯುತ್ತಿದೆ, ಹಿಂದಿನಿಂದ ಆಳುಗಳು ಗಾಲಿಗೆ ಒತ್ತುಕೊಟ್ಟು ನೂಕುತ್ತಿದ್ದಾರೆ. ದಂಡನಾಯಕನ ಬಿರುದುಗಳನ್ನು ಕೊರೆದ ಗೋಡೆಯ ಮೇಲೇ ಯಾರೋ ಕೂಲಿಯ ಕೆಲಸವನ್ನೂ ಬರೆದಿಟ್ಟರು. ಏಳು ಶತಮಾನಗಳ ಹಿಂದಿನ ಈ ದಾಖಲೆ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ ಇದೆ. ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಯ ಹುಡುಗನನ್ನು ಅದರ ಮುಂದೆ ನಿಲ್ಲಿಸಿ, ಇದನ್ನು ಓದಪ್ಪ, ಇದು ನಿಮ್ಮ ಮಂದಿಯ ಚಿತ್ರ ಎಂದು ಹೇಳದೆ ಇನ್ಯಾವ ಪ್ರೇರಣಾ ಉಪನ್ಯಾಸ ಕೊಡಿಸಬೇಕು?

ಮಾನ್ವಿಯಲ್ಲಿ ಬೇರೆ ಬಗೆಯ ಸಂಪತ್ತಿದೆ. ದಾಸಸಾಹಿತ್ಯದ ಎರಡನೆಯ ಘಟ್ಟ ಈ ನೆಲದ್ದೇ. ವಿಜಯದಾಸರು ಚೀಕಲಪರವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು, 'ಹರಿಕಥಾಮೃತಸಾರ' ಬರೆದವರು. ಕನ್ನಡ ಪದ ಹಾಡುವವರನ್ನು ಹಗುರಾಗಿ ಕಂಡ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರೇ ಮುಂದೆ ಜಗನ್ನಾಥದಾಸರಾದರು ಎಂದು ಸಂಪ್ರದಾಯ ಹೇಳುತ್ತದೆ. ಇಂಗ್ಲಿಷ್ ಬಾರದ ಕಾರಣಕ್ಕೆ ತಲೆ ತಗ್ಗಿಸುವ ಬಿ.ಎ. ವಿದ್ಯಾರ್ಥಿಗೆ ಈ ಕತೆ ಹೇಳಬೇಕು. ಹೇಳುವಾಗ ಭಕ್ತಿಯ ಕತೆಯಾಗಿ ಮಾತ್ರ ಹೇಳದೆ, ತನ್ನ ಮಾತಿನಲ್ಲಿ ದೊಡ್ಡದನ್ನು ಕಟ್ಟಬಹುದೆಂದು ಕಂಡುಕೊಂಡವನ ಕತೆಯಾಗಿ ಹೇಳಬೇಕು.

ಅದೇ ಉಸಿರಿನಲ್ಲಿ ಒಂದು ಎಚ್ಚರಿಕೆ. ದಾಸರ ಕಟ್ಟೆಗೆ ಮಾತ್ರ ಹೋಗಿ ಬಂದರೆ ತರಗತಿಯ ಅರ್ಧ ಮಂದಿ ಹೊರಗೆ ನಿಂತಂತೆ. ಮೊಹರಂ ಪದ ಕಟ್ಟಿ ಹಾಡುವವರು, ಅಲಾಯಿ ಕುಣಿಯುವ ಹಿಂದೂ ಮುಸ್ಲಿಂ ಇಬ್ಬರೂ, ಏಕತಾರಿ ಹಿಡಿದು ತತ್ವಪದ ಹಾಡುವ ಅಜ್ಜಂದಿರು, ನೀರಮಾನ್ವಿಯ ಎಲ್ಲಮ್ಮನ ಜಾತ್ರೆ, ದೇವದುರ್ಗದ ನಾಯಕರ ನೆನಪುಗಳು, ಎಲ್ಲವೂ ಶಿಬಿರದಲ್ಲಿ ಮಕ್ಕಳು ಬರೆಯುವ ನೋಟ್‌ಬುಕ್ಕಿನಲ್ಲಿ ಬರಬೇಕು. ಸ್ಥಳೀಯ ಚರಿತ್ರೆ ಒಂದೊಂದು ಜಾತಿಯ ಜಯಂತಿಯ ಭಾಷಣವಾಗಿ ಹರಿದು ಹಂಚಿಹೋಗುತ್ತಿರುವ ಕಾಲ ಇದು. ಶಿಬಿರವೂ ಆ ದಾರಿ ಹಿಡಿದರೆ ಈಗಿನ ಬರಿಯ ಕಸ ಗುಡಿಸುವುದೇ ಮೇಲು. ಒಬ್ಬನ ಕೇರಿಯ ಕತೆಯನ್ನು ಇನ್ನೊಂದು ಕೇರಿಯವನು ಬರೆದುಕೊಳ್ಳುವಂತೆ ಕೆಲಸ ಹಂಚುವುದರಲ್ಲಿ ಕಾರ್ಯಕ್ರಮಾಧಿಕಾರಿಯ ಕಸುಬುಗಾರಿಕೆ ಇದೆ.

ಇದು ಆಗದ ಮಾತು ಎನ್ನುವವರು ಪಂಡಿತ ತಾರಾನಾಥರನ್ನು ನೆನೆಯಬೇಕು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯಕೀಯ ಓದಿದ ಅವರು ನಿಜಾಮರ ಆಳ್ವಿಕೆಯ ರಾಯಚೂರಿಗೆ ಬಂದು ಹಮ್‌ದರ್ದ್ ಶಾಲೆ ಕಟ್ಟಿದರು. ಸರ್ಕಾರದ ಮಾತು ಉರ್ದು, ಮನೆಯ ಮಾತು ಕನ್ನಡ ಅಥವಾ ತೆಲುಗು ಆಗಿದ್ದ ಊರದು. ಬಳಿಕ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿದರು. ರೋಗಿಗಳ ಆರೈಕೆ, ಸಂಗೀತ, ನಾಟಕ, ಹಿಂದೂ ಮುಸ್ಲಿಂ ಒಗ್ಗಟ್ಟು ಅವರಿಗೆ ಬೇರೆ ಬೇರೆ ವಿಭಾಗಗಳಾಗಿರಲಿಲ್ಲ. ಕಬೀರನ ಮೇಲೆ ನಾಟಕ ಬರೆದವರೂ ಅವರೇ, ಔಷಧ ಅರೆದವರೂ ಅವರೇ. ಸೇವೆಯನ್ನು ಸಂಸ್ಕೃತಿಯಿಂದ ಬೇರ್ಪಡಿಸದೆ ಕಲಿಸಿದ ಮಾದರಿ ಈ ಸೀಮೆಯಲ್ಲಿಯೇ ಇದ್ದಿತು. ನಮ್ಮ ಕಾಲೇಜುಗಳ ಶಿಬಿರದ ಬ್ಯಾನರಿನಲ್ಲಿ ಅವರ ಹೆಸರು ಕಾಣುವುದು ಅಪರೂಪ.

ಮಾಡಬೇಕಾದ್ದು ದೊಡ್ಡ ಹಣದ ಕೆಲಸವಲ್ಲ. ರಾಯಚೂರು ಜಿಲ್ಲೆಯ ಶಾಸನಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಪುಟವಾಗಿ ತಂದಿದೆ. ಶಿಬಿರದ ಹಳ್ಳಿಯನ್ನು ಆರಿಸುವ ಮುನ್ನ ಅದನ್ನು ತೆರೆದು ಆ ಊರಿನ ಕಲ್ಲು ಯಾವುದು, ಎಲ್ಲಿದೆ ಎಂದು ನೋಡಬಹುದು. ಪಟ್ಟಿಯಲ್ಲಿರುವ ಕಲ್ಲು ಈಗಲೂ ಅಲ್ಲಿದೆಯೋ, ಬಟ್ಟೆ ಒಗೆಯುವ ಬಂಡೆಯಾಗಿದೆಯೋ, ಗುಡಿಯ ಹೊಸ ಗೋಡೆಯಲ್ಲಿ ಸೇರಿ ಹೋಗಿದೆಯೋ ಎಂದು ಹುಡುಕುವುದೇ ಎರಡು ದಿನದ ಕೆಲಸ. ಆದರೆ ಉತ್ಸಾಹಕ್ಕೆ ಕಡಿವಾಣ ಬೇಕು. ತಂತಿ ಬ್ರಷ್ಷಿನಿಂದ ಉಜ್ಜಿ, ಆ್ಯಸಿಡ್ ಹಾಕಿ, ಸುಣ್ಣ ಬಳಿದು ಹಾಳಾದ ಶಾಸನಗಳಿಗೆ ಲೆಕ್ಕವಿಲ್ಲ. ಒಳ್ಳೆಯ ಮನಸ್ಸಿನವರು ಮಾಡಿದ ಹಾನಿ ಅದು. ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ ಸಾಕು. ರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಬಲ್ಲವರನ್ನು ಕರೆಸಿ, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ತೋರಿಸಲಿ. ಕಪ್ಪು ಕಾಗದದ ಮೇಲೆ ಬಿಳಿಯ ಅಕ್ಷರ ಮೂಡಿ, ಅದರಲ್ಲಿ ತನ್ನ ಊರಿನ ಹಳೆಯ ಹೆಸರನ್ನು ತಾನೇ ಕೂಡಿಸಿ ಓದಿದವನು ಗ್ರಂಥಾಲಯದ ದಾರಿ ಕೇಳಿಕೊಂಡು ಬರುತ್ತಾನೆ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಶಿಬಿರದಲ್ಲಿ ರಾತ್ರಿ ಉಳಿಯಲು ಬಹಳ ಮನೆಗಳಲ್ಲಿ ಬಿಡುವುದಿಲ್ಲ, ಅವರು ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ. ವರದಿಯಲ್ಲಿ ಇದನ್ನು ಕೊರತೆ ಎಂದು ಬರೆಯುತ್ತೇವೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 50ನ್ನೂ ಮುಟ್ಟಿರಲಿಲ್ಲ. ಅಂದರೆ ಆ ಹುಡುಗಿ ಸಂಜೆ ತಲುಪುವ ಮನೆಯಲ್ಲಿ ಅಕ್ಷರ ಬಾರದ ಅಮ್ಮಂದಿರು, ಅಜ್ಜಿಯರು ಇದ್ದಾರೆ. ಬೀಸುವ ಪದ, ಸೋಬಾನೆ, ಬರಗಾಲದ ನೆನಪು, ರಜಾಕಾರರ ಕಾಲದಲ್ಲಿ ಊರು ಬಿಟ್ಟು ಹೋದವರ ಮಾತು, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಏನಾಯಿತೆಂದು ಹಿರಿಯರಿಂದ ಕೇಳಿಸಿಕೊಂಡದ್ದು ಅವರ ಬಾಯಲ್ಲಿದೆ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, ಈ ಏಳು ಸಂಜೆ ನಿನ್ನ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ ಬರೆದುಕೊಂಡು ಬಾ, ಅದೂ ಶ್ರಮದಾನವೇ, ಅದನ್ನೂ 240 ಗಂಟೆಯಲ್ಲಿ ಲೆಕ್ಕ ಹಿಡಿಯುತ್ತೇವೆ ಎಂದು ಕಾಲೇಜು ಹೇಳಬೇಕು. ಬರೆದದ್ದರ ಒಂದು ಪ್ರತಿ ಆ ಊರಿನ ಶಾಲೆಯಲ್ಲಿ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇರಲಿ, ಬರೆದವಳ ಹೆಸರೂ ಹೇಳಿದವರ ಹೆಸರೂ ಮೊದಲ ಪುಟದಲ್ಲಿರಲಿ. ಮುಂದಿನ ವರ್ಷ ಅದೇ ಹಳ್ಳಿಗೆ ಹೋಗುವ ತಂಡ ಜಾಲಿಕಂಟಿಗೆ ಕೈ ಹಾಕುವ ಮೊದಲು ಆ ನೋಟ್‌ಬುಕ್ಕನ್ನು ಓದಿ, ಅದು ನಿಂತಲ್ಲಿಂದ ಮುಂದಕ್ಕೆ ಬರೆಯಲಿ.