ಏಳು ಗಂಟೆಯೊಳಗಿನ ಅಗ್ಗ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಥೀಮ್ ರೆಸ್ಟೋರೆಂಟುಗಳ ಬಗ್ಗೆ ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ತೀರ್ಪೊಂದಿದೆ: ಅಲ್ಲಿನ ಅಲಂಕಾರವೆಲ್ಲ ನಕಲಿ, ಸಂಜೆ ಏಳಕ್ಕೆ ಮುಗಿಯುವ ಹ್ಯಾಪಿ ಅವರ್ಸ್‌ನ ಅಗ್ಗ ಮಾತ್ರ ಅಸಲಿ. ಹಾಗಾಗಿ ಗೋಡೆಯ ಕಡೆ ನೋಡದೆ, ಏಳರೊಳಗೆ ತಿಂದು ಕುಡಿದು ಎದ್ದುಬರುವವನೇ ಜಾಣ. ಈ ಜಾಗಗಳಿಗೆ ವರ್ಷಗಟ್ಟಲೆ ಪ್ರೀತಿಯಿಂದಲೇ ಹೋಗಿಬಂದಿರುವ ನನಗೆ ಈ ತೀರ್ಪು ತಲೆಕೆಳಗಾಗಿ ಕಾಣುತ್ತದೆ. ಅಲಂಕಾರದ ಮೇಲೆ ನನಗೆ ದೂರಿಲ್ಲ. ತಕರಾರಿರುವುದು ಆ ಅಗ್ಗದ ಜೊತೆ.

ಥೀಮ್ ಎಂದರೆ ಮಾಲ್ ಸಂಸ್ಕೃತಿ ತಂದ ಪಿಡುಗು ಎನ್ನುವವರು ಬೆಂಗಳೂರಿನ ಪಬ್ಬುಗಳ ಚರಿತ್ರೆಯನ್ನೇ ಮರೆತಿದ್ದಾರೆ. ತೊಂಬತ್ತರ ದಶಕದಲ್ಲಿ ಚರ್ಚ್ ಸ್ಟ್ರೀಟಿನ 'ನಾಸಾ' ಪಬ್ಬಿನೊಳಗೆ ಕಾಲಿಟ್ಟರೆ ಗಗನನೌಕೆಯ ಹೊಟ್ಟೆಯೊಳಗೆ ಹೊಕ್ಕಂತೆ ಇರುತ್ತಿತ್ತು. ಇಸ್ರೋ, ಎಚ್‌ಎಎಲ್ ಇರುವ ಊರಿಗೆ ಆ ಕಲ್ಪನೆ ಪರಕೀಯವಾಗಿರಲಿಲ್ಲ. ವೈಟ್‌ಫೀಲ್ಡಿನಲ್ಲೇ 2012ರಲ್ಲಿ ಶುರುವಾದ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಗೋಡೆತುಂಬ ಪುಸ್ತಕ ಜೋಡಿಸಿತು, ಜಾಝ್‌ಗೆ ವೇದಿಕೆ ಕಟ್ಟಿತು, ತನ್ನ ಬಿಯರನ್ನು ತಾನೇ ತಯಾರಿಸಿತು. ಅಗ್ಗದ ಜಾಗವೇನಲ್ಲ ಅದು. ಆದರೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳ ನಡುವೆ ಒಂದು ಕಲ್ಪನೆಯನ್ನು ಪಟ್ಟುಹಿಡಿದು ಬೆಳೆಸಬಹುದೆಂದು ತೋರಿಸಿದ ಜಾಗ.

ಇಲ್ಲಿ ಮಾರಾಟವಾಗುತ್ತಿರುವುದು ಬಿಯರ್ ಎಂದುಕೊಳ್ಳುವುದೇ ಮೊದಲ ತಪ್ಪು. ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿರುವ ಹುಡುಗ ಹುಡುಗಿಯರಿಗೆ ಗೆಳೆಯರನ್ನು ಕೂರಿಸಿ ಮಾತಾಡಿಸಲು ಒಂದು ನಡುಮನೆ ಇಲ್ಲ. ಮೊದಲ ಸಂಬಳ, ಅಪ್ರೈಸಲ್, ಕಂಪನಿ ಬಿಟ್ಟು ಹೊರಟವಳ ಕಡೇ ದಿನ, ಎಲ್ಲಕ್ಕೂ ಒಂದು ಮೇಜು ಬೇಕು. ಅವರು ಕೊಳ್ಳುವುದು ಕುರ್ಚಿಯನ್ನು, ಸುತ್ತಲಿನ ನಾಲ್ಕು ಗೋಡೆಯನ್ನು. ದಿನವಿಡೀ ಕ್ಯೂಬಿಕಲ್ ನೋಡಿದ ಕಣ್ಣಿಗೆ ಹಡಗೋ ಗುಹೆಯೋ ರೈಲೋ ಕಂಡರೆ ಅದರಲ್ಲಿ ಮೋಸವೇನೂ ಇಲ್ಲ. ಇನ್ನು ಆ ಅಗ್ಗದ ವೇಳೆ. ಪೀಣ್ಯದ ಕಾರ್ಖಾನೆಗಳ ಕಡೆ ನೋಡಿ. ಬೆಳಿಗ್ಗೆ ಆರಕ್ಕೆ ಶಿಫ್ಟ್ ಹತ್ತಿದವರು ಎರಡಕ್ಕೆ ಇಳಿಯುತ್ತಾರೆ. ಹ್ಯಾಪಿ ಅವರ್ಸ್‌ಗೆ ಸರಿಯಾಗಿ ಬಿಡುವಾಗುವವರು ಅವರೇ, ಆದರೆ ಅವರ ಪಾಲಿಗಿರುವುದು ಎಂಆರ್‌ಪಿ ದರದ ವೈನ್ ಶಾಪ್. ಅಲ್ಲಿನ ಅಗ್ಗಕ್ಕೆ ಗಡಿಯಾರವಿಲ್ಲ, ಕೂರುವುದಕ್ಕೆ ಕುರ್ಚಿಯೂ ಇಲ್ಲ. ಇತ್ತ ವೈಟ್‌ಫೀಲ್ಡಿನ ಎಂಜಿನಿಯರಿಗೆ ಸಂಜೆ ಆರಕ್ಕೆ ಅಮೆರಿಕದ ಕಾಲ್. ಏಳಕ್ಕೆ ಮುಗಿಯುವ ರಿಯಾಯಿತಿ ಯಾರ ದಿನಚರಿಗೆ ಹೊಂದುತ್ತದೆ?

ಹಾಗೆಂದು ಥೀಮುಗಳನ್ನು ನಾನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಅವು ನಕಲಿಯೆಂಬುದು ನನ್ನ ಆಕ್ಷೇಪವಲ್ಲ, ಗೋಡೆಗೇ ನಿಂತುಬಿಡುತ್ತವೆ ಎಂಬುದು. ವೈಟ್‌ಫೀಲ್ಡಿನ ಉದಾಹರಣೆಯೇ ಸಾಕು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರ್ ಸುಮಾರು 3,900 ಎಕರೆ ಕೊಟ್ಟರು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬಾಳಲೆಂದು ಡಿ.ಎಸ್. ವೈಟ್ ಕಂಡ ಕನಸು ಅದು, ಊರಿಗೆ ಅವರದೇ ಹೆಸರು. ನಡುವಿನ ವೃತ್ತ, ಅದರ ಸುತ್ತ ಮನೆಗಳು, ತೋಟಗಳು ಎಂದು ನಕ್ಷೆ ಹಾಕಿ ಕಟ್ಟಿದ ಹಳ್ಳಿ. ಇನ್ನರ್ ಸರ್ಕಲ್ ಇಂದಿಗೂ ಇದೆ. ಇಂಥ ಊರಿನಲ್ಲಿ 'ದಿ ವೈಟ್‌ಫೀಲ್ಡ್ ಆರ್ಮ್ಸ್' ಎಂಬ ಹೆಸರಿನಲ್ಲಿ ಇಂಗ್ಲಿಷ್ ಮಾದರಿಯ ಪಬ್ ತೆರೆದದ್ದನ್ನು ಎರವಲು ಎಂದು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕಲಾರೆ, ಈ ಊರೇ ಒಂದು ಕಾಲಕ್ಕೆ ಹಾಗೆ ಕಲ್ಪಿಸಿ ಕಟ್ಟಿದ್ದು. ನನ್ನ ಪ್ರಶ್ನೆ ಬೇರೆ, ಅದು ಯಾವುದೋ ಒಂದು ಪಬ್ಬಿಗೆ ಕೇಳುವುದೂ ಅಲ್ಲ. ಈ ಭಾಗದ ಥೀಮ್‌ಕಾರರು ಬ್ರಿಟಿಷ್ ಕಾಲವೆಂದರೆ ಲಂಡನ್ನಿನ ಕಡೆ ನೋಡುತ್ತಾರೆ, ಪಕ್ಕದ ಓಣಿಯ ಆಂಗ್ಲೋ-ಇಂಡಿಯನ್ ಅಡುಗೆಮನೆಯ ಕಡೆ ಏಕೆ ನೋಡುವುದಿಲ್ಲ? ಬಾಲ್ ಕರಿ ಮತ್ತು ಯೆಲ್ಲೋ ರೈಸ್, ಪೆಪ್ಪರ್ ವಾಟರ್, ಖೀಮಾ ತುಂಬಿದ ಪ್ಯಾಂಟ್ರಾಸ್, ಕಟ್ಲೆಟ್. ಬಿಯರ್ ಜೊತೆ ನೆಂಚಿಕೊಳ್ಳಲು ಖೀಮಾ ಪ್ಯಾಂಟ್ರಾಸ್‌ಗಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಇವೆಲ್ಲ ದುಬಾರಿ ಅಡುಗೆಯಲ್ಲ, ಇದ್ದುದರಲ್ಲೇ ಮನೆ ನಡೆಸಿದವರ ಅಡುಗೆ. ರಿಯಾಯಿತಿ ಇಲ್ಲದೆಯೂ ಕೈಗೆಟುಕುವ ತಿಂಡಿ ಈ ನೆಲದಲ್ಲೇ ಇರುವಾಗ ಹ್ಯಾಪಿ ಅವರ್ಸ್ ಕಾರ್ಡಿನ ತುಂಬ ಫ್ರೆಂಚ್ ಫ್ರೈಸ್, ನಾಚೋಸ್.

ಕಳೆದ ಮಳೆಗಾಲದ ಒಂದು ಬುಧವಾರ ಐಟಿಪಿಎಲ್ ರಸ್ತೆಯ ಕಡೆ ರೈಲುಬೋಗಿಯ ಥೀಮಿನ ರೆಸ್ಟೋರೆಂಟೊಂದರಲ್ಲಿ ಕೂತಿದ್ದೆ. ಬರ್ತಿನಂಥ ಸೀಟು, ಸರಳಿನ ಕಿಟಕಿ, ಮೇಲೆ ಎಳೆಯುವ ಕೆಂಪು ಸರಪಳಿ. ಕೆಲಸ ಅಚ್ಚುಕಟ್ಟು, ಕಿಟಕಿಯ ಶಟರ್ ನಿಜಕ್ಕೂ ಇಳಿಯುತ್ತಿತ್ತು. ಬೆಂಗಳೂರು-ಮೈಸೂರು ರೈಲು ಹತ್ತಿದವರ ನಾಲಿಗೆಗೆ ಮದ್ದೂರು ಬಂದಾಗ ನೆನಪಾಗುವುದು ಒಂದೇ, ವಡೆ. ಕಾರ್ಡಿನಲ್ಲಿ ಅದೇ ಇಲ್ಲ. ಒಂದಕ್ಕೊಂದು ಫ್ರೀ ಎಂದು ಎರಡು ಮಗ್ ಒಟ್ಟಿಗೇ ಬಂದವು. ಮೊದಲನೆಯದು ಅರ್ಧ ಮುಗಿಯುವಷ್ಟರಲ್ಲಿ ಎರಡನೆಯದರ ನೊರೆ ಇಳಿದು ಅಂಚಿನಲ್ಲಿ ಬಿಳಿ ಗೆರೆ ಉಳಿದಿತ್ತು. ಕೆಳಗಿನ ಕೋಸ್ಟರ್ ನೆಂದು ಮೇಜಿಗಂಟಿತ್ತು. 'ಎರಡನೆಯದನ್ನು ಆಮೇಲೆ ತನ್ನಿ' ಎಂದರೆ 'ಆಗಲ್ಲ ಸರ್, ಬಿಲ್ಲಿಂಗ್ ಒಟ್ಟಿಗೇ' ಎಂದ ಹುಡುಗ. ಅವನ ತಪ್ಪಲ್ಲ. ಹುರಿದ ಕಡ್ಲೆಕಾಯಿಗೆ ಈರುಳ್ಳಿ, ನಿಂಬೆಹುಳಿ ಕಲಸಿ ತಂದದ್ದೊಂದೇ ಅವತ್ತು ಚೆನ್ನಾಗಿದ್ದ ತಿನಿಸು, ಅದಕ್ಕೆ ರಿಯಾಯಿತಿ ಇರಲಿಲ್ಲ.

ಮಾಲೀಕರ ವಾದ ನನಗೆ ಗೊತ್ತು, ಅದು ಪೊಳ್ಳಲ್ಲ. ಖಾಲಿ ಕುರ್ಚಿಗೂ ಬಾಡಿಗೆ ಬೀಳುತ್ತದೆ, ಅಬಕಾರಿ ಲೈಸೆನ್ಸಿನ ಶುಲ್ಕಕ್ಕೆ ಹಗಲು ರಾತ್ರಿಯಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವೇ ಶೇ. 175ರಿಂದ 185ಕ್ಕೆ ಏರಿತು. ಮದ್ಯದ ಬೆಲೆಯ ದೊಡ್ಡ ಪಾಲು ಸರ್ಕಾರದ್ದಾಗಿರುವಾಗ ಮಾಲೀಕ ಬಿಡುವುದೆಷ್ಟನ್ನು? ಒಪ್ಪಿದೆ. ಆದರೆ ಈ ವಾದವೇ ನನ್ನ ಅನುಮಾನಕ್ಕೆ ಸಾಕ್ಷಿ. ಬಾಟಲಿಯಲ್ಲಿ ಬಿಡಲಾಗದ್ದನ್ನು ಬೇರೆಲ್ಲೋ ಹೊಂದಿಸಬೇಕು: ತಟ್ಟೆಯ ಅಳತೆಯಲ್ಲಿ, ಎಣ್ಣೆಯಲ್ಲಿ, ಬೇಡದಿದ್ದರೂ ಬರುವ ಎರಡನೇ ಮಗ್ಗಿನಲ್ಲಿ. ಆ ಬುಧವಾರದ ಬಿಲ್ಲಿನ ಕೊನೆಗೆ ಶೇ. 10 ಸೇವಾ ಶುಲ್ಕವೂ ಇತ್ತು. ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲೇ ಹೇಳಿದೆ. ಖಾಲಿ ಕುರ್ಚಿ ತುಂಬಿಸುವುದೇ ಉದ್ದೇಶವಾದರೆ ಒಂದೇ ಮಗ್ಗನ್ನು ಅರ್ಧ ಬೆಲೆಗೆ ಕೊಡಲಿ, ಒಬ್ಬನೇ ಬಂದವನಿಗೆ ಇಬ್ಬರ ಪಾಲು ಹೊರಿಸುವುದೇಕೆ?

ಒಂದು ನಿಜವಾದ ಅಗ್ಗ ಈಚೆಗೆ ಬಂದಿದೆ, ಅದನ್ನು ತಂದದ್ದು ರೆಸ್ಟೋರೆಂಟುಗಳಲ್ಲ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ಪೂರ್ತಿಯಾಯಿತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿತು. ರಿಯಾಯಿತಿಯಲ್ಲಿ ಉಳಿಸಿದ್ದನ್ನೆಲ್ಲ ವಾಪಸಾಗುವ ಕ್ಯಾಬಿಗೆ ಕೊಡುತ್ತಿದ್ದ ಕಾಲ ಹೋಯಿತು. ಕುಡಿದು ಗಾಡಿ ಓಡಿಸುವ ಅಪಾಯವೂ ಅಷ್ಟರಮಟ್ಟಿಗೆ ತಪ್ಪಿತು.

ಆ ಬುಧವಾರ ನನ್ನ ಎದುರು ಸೀಟಿನಲ್ಲಿ ಮೂವರು ಹುಡುಗಿಯರಿದ್ದರು, ಕೊರಳಲ್ಲಿ ಇನ್ನೂ ಕಂಪನಿಯ ಐಡಿ ಕಾರ್ಡ್. ಮೂವರ ನಡುವೆ ಒಂದು ಪ್ಲೇಟ್ ಫ್ರೈಸ್, ಎರಡು ಮಗ್, ಒಂದು ಲೈಮ್ ಸೋಡಾ. ಆರೂಐವತ್ತಕ್ಕೆ ಹುಡುಗ 'ಲಾಸ್ಟ್ ಆರ್ಡರ್' ಎಂದು ಎಲ್ಲ ಮೇಜಿಗೂ ಹೇಳುತ್ತ ಬಂದ. ಏಳಕ್ಕೆ ಹ್ಯಾಪಿ ಅವರ್ಸ್ ಕಾರ್ಡುಗಳನ್ನು ಎತ್ತಿಕೊಂಡು ಬಿಲ್ ಇಟ್ಟ. ದುಡ್ಡು ಕೊಟ್ಟಾದ ಮೇಲೂ ಅವರು ಏಳಲಿಲ್ಲ. ಒಬ್ಬಳು ಸೀಟಿನ ಮೇಲೆ ಹತ್ತಿ ಕೆಂಪು ಸರಪಳಿಗೆ ಕೈಹಾಕಿ ನಿಂತಿದ್ದಳು, ಇನ್ನೊಬ್ಬಳು ಕಿಟಕಿಯ ಶಟರ್ ಏರಿಸಿ ಇಳಿಸಿ ಫೋಟೋಗೆ ಬೆಳಕು ನೋಡುತ್ತಿದ್ದಳು.